ಜಪಾನಿನ ಧರ್ಮಗಳಲ್ಲಿ ಮೈ: ಬಿಡೋದಾ, ಇಟ್ಕೊಳ್ಳೋದಾ?

ಬೆಳ್ಗೊಳದ_ಪಕ್ಕದೂರು
ಸೊಕುಶಿನ್‌ಬುತ್ಸು ಬಗ್ಗೆ ಇಲ್ಲಿ ಯಾರಾದ್ರೂ ಓದಿದೀರಾ? ಉತ್ತರ ಜಪಾನಿನ ಯಮಗಾತ ಕಡೆ, ಯುದೊನೊ ಬೆಟ್ಟದ ಸುತ್ತಮುತ್ತ ಇದ್ದ ಸನ್ಯಾಸಿಗಳು. ವರ್ಷಗಟ್ಟಲೆ ಅಕ್ಕಿ, ಗೋಧಿ, ಕಾಳು ಎಲ್ಲಾ ಬಿಟ್ಟು ಕಾಯಿ, ಬೀಜ, ತೊಗಟೆ, ಬೇರು ತಿನ್ಕೊಂಡು ಮೈ ಒಣಗಿಸಿ ಕೊನೆಗೆ ನೆಲದೊಳಗೆ ಕೂತು ಪ್ರಾಣ ಬಿಟ್ಟೋರು ಅಂತಾರೆ. ಮೂರು ವರ್ಷ ಕಳೆದು ತೆಗೆದಾಗ ಕೊಳೀದೇ ಇದ್ರೆ ಬುದ್ಧ ಆದ್ರು ಅಂತ ಲೆಕ್ಕ, ಆ ಮೈಯನ್ನೇ ಬಟ್ಟೆ ಉಡಿಸಿ ದೇವಸ್ಥಾನದಲ್ಲಿ ಕೂರಿಸ್ತಾರೆ. ದೈನಿಚಿಬೋ ಅನ್ನೋ ದೇವಸ್ಥಾನದಲ್ಲಿ ಶಿನ್‌ನ್ಯೋಕಾಯ್ ಅಂತ ಒಬ್ರು ಇದಾರೆ, 1783ರಲ್ಲಿ 96ನೇ ವಯಸ್ಸಲ್ಲಿ ಹೋದೋರು, ಇವತ್ತಿಗೂ ಕೂತಿದಾರೆ. ಕೆಲವು ವರ್ಷಕ್ಕೊಂದ್ಸಲ ಅವರ ಬಟ್ಟೆ ಬದಲಾಯಿಸಿ ಹಳೇದನ್ನ ಚೂರು ಚೂರು ಮಾಡಿ ತಾಯತ ಮಾಡಿ ಭಕ್ತರಿಗೆ ಕೊಡ್ತಾರಂತೆ.

ನಮ್ಮೂರು ಶ್ರವಣಬೆಳಗೊಳದ ಪಕ್ಕ, ಚಿಕ್ಕಬೆಟ್ಟದ ಮೇಲಿನ ಸಲ್ಲೇಖನದ (ಜೈನರು ಊಟ ನೀರು ಬಿಟ್ಟು ಪ್ರಾಣ ಬಿಡೋ ವ್ರತ) ಶಾಸನಗಳ ನಡುವೆ ಓಡಾಡಿ ಬೆಳೆದೋನು ನಾನು. ಹಾಗಾಗಿ ಓದಿದ ತಕ್ಷಣ ಅರೆ ಇದು ನಮ್ಮದೇ ಅನ್ನಿಸ್ತು. ಆಮೇಲೆ ಯೋಚನೆ ಮಾಡಿದ್ರೆ ಪೂರ್ತಿ ತಲೆಕೆಳಗು. ಅಲ್ಲಿ ನಂದಿಸೇನ ಮುನಿಯ ಶಾಸನ ಇದೆಯಲ್ಲ, ರೂಪ ಸಂಪತ್ತು ಎಲ್ಲಾ ಕಾಮನಬಿಲ್ಲು, ಮಿಂಚು, ಮಂಜಿನ ಹಾಗೆ ಕರಗೋಗುತ್ತೆ ಅಂತ ಹೇಳೋದು, ಅದರಲ್ಲಿ ಮೈ ಅಂದ್ರೆ ಬಿಟ್ಟು ಹೋಗೋ ವಸ್ತು. ಹೆಸರು ಮಾತ್ರ ಕಲ್ಲಿನ ಮೇಲೆ ಉಳೀತು, ಮೈ ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ಯುದೊನೊದಲ್ಲಿ ಹಸಿವು ಅದೇ, ಆದ್ರೆ ಅಷ್ಟು ಕಷ್ಟಪಟ್ಟಿದ್ದೇ ಮೈಯನ್ನ ಉಳಿಸ್ಕೊಳ್ಳೋಕೆ! ಜಪಾನಲ್ಲಿ ಧರ್ಮ ಅಂದ್ರೆ ಮೈಯಿಂದ ಪಾರಾಗೋದಲ್ಲ, ಮೈಯನ್ನೇ ಏನೋ ಒಂದು ಮಾಡೋದು ಅಂತ ನನ್ನ ವಾದ. ಒಪ್ತೀರಾ, ಇಲ್ಲ ಬೈತೀರಾ, ನೋಡೋಣ.

ನಗೋಯಾ_ಕನ್ನಡಿಗ
ಒಪ್ತೀನಿ. ಇದರ ಬೇರು ಕೂಕಾಯ್ ಹತ್ರ ಇದೆ ಸಾರ್. 9ನೇ ಶತಮಾನದಲ್ಲಿ ಚೀನಾಗೆ ಹೋಗಿ ತಂತ್ರಮಾರ್ಗದ ಬೌದ್ಧಧರ್ಮ ಕಲ್ತು ಬಂದು ಶಿಂಗೋನ್ ಪಂಥ ಕಟ್ಟಿದೋರು. ಅವರ ಮುಖ್ಯ ಮಾತೇ ಇದು, ಬುದ್ಧನಾಗೋಕೆ ಕಲ್ಪಾಂತರ ಕಾಯ್ಬೇಕಿಲ್ಲ, ಈಗ ಇರೋ ಇದೇ ಮೈಯಲ್ಲಿ ಆಗ್ಬಹುದು. ಕೈಯಲ್ಲಿ ಮುದ್ರೆ, ಬಾಯಲ್ಲಿ ಮಂತ್ರ, ಮನಸ್ಸಲ್ಲಿ ಧ್ಯಾನ, ಮೂರೂ ಒಟ್ಟಿಗೆ ಕೂಡಿದ್ರೆ ನಿನ್ನ ಮೈಯೇ ಬುದ್ಧನ ಮೈ. ಹೋಮ ಕೂಡ ಮಾಡ್ತಾರೆ, ಗೋಮಾ ಅಂತಾರೆ, ಮೊದಲ ಸಲ ನೋಡಿದಾಗ ನಮ್ಮ ಭಟ್ಟರೇ ಕೂತಿದಾರೇನೋ ಅನ್ಸುತ್ತೆ.

835ರಲ್ಲಿ ಕೂಕಾಯ್ ಸತ್ರು ಅಂತ ಅವರು ಮಠ ಕಟ್ಟಿದ ಕೋಯಾ ಬೆಟ್ಟದಲ್ಲಿ ಯಾರೂ ಹೇಳಲ್ಲ. ಧ್ಯಾನಕ್ಕೆ ಕೂತಿದಾರೆ, ಮೈತ್ರೇಯ ಬುದ್ಧ ಬರೋ ತನಕ ಕಾಯ್ತಿದಾರೆ ಅಂತಾರೆ. ಅದಕ್ಕೇ ಓಕುನೋಇನ್‌ಗೆ, ಅಂದ್ರೆ ಅವರು ಕೂತಿರೋ ಸಮಾಧಿ ಜಾಗಕ್ಕೆ, ದಿನಾ ಎರಡು ಹೊತ್ತು ಊಟ ಹೋಗುತ್ತೆ. ಮರದ ಪೆಟ್ಟಿಗೇಲಿ ಇಟ್ಕೊಂಡು ಇಬ್ರು ಸನ್ಯಾಸಿಗಳು ಹೊತ್ಕೊಂಡು ಹೋಗ್ತಾರೆ, ಮುಂದೆ ಒಬ್ರು. ಬೆಳಿಗ್ಗೆ ಆರಕ್ಕೆ ಒಂದು, ಹತ್ತೂವರೆಗೆ ಇನ್ನೊಂದು. ನಾನು ನೋಡಿದೀನಿ, ಹಿಂದೆ ಹಿಂದೆ ಪ್ರವಾಸಿಗರು ಕ್ಯಾಮೆರಾ ಹಿಡ್ಕೊಂಡು, ಅವರು ಯಾರ ಕಡೆನೂ ನೋಡದೆ ಸರಸರ ನಡ್ಕೊಂಡು ಹೋಗ್ತಾರೆ, ನಾವು ಮನೇಲಿ ಅಜ್ಜಂಗೆ ಕ್ಯಾರಿಯರ್ ತಗೊಂಡು ಹೋದಷ್ಟೇ ಸಲೀಸು.

ಕುಡ್ಲ_ಬಸ್ಸು
ಇದು ನಮ್ಮ ರಾಯರ ಹಾಗೇ ಅಲ್ವಾ ಮಾರಾಯ್ರೆ? 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶ ಆದದ್ದು, ಒಳಗೆ ಇದ್ದಾರೆ ಅಂತಲೇ ನಾವು ನಂಬುದು, ನೈವೇದ್ಯವೂ ಉಂಟು. ಹಾಗಿದ್ರೆ ಬೆಳ್ಗೊಳದವರು ಹೇಳಿದ ವ್ಯತ್ಯಾಸ ಎಂತದ್ದು ಉಳೀತು?

ಬೆಳ್ಗೊಳದ_ಪಕ್ಕದೂರು
ಒಳ್ಳೇ ಪಾಯಿಂಟು. ಕೂಕಾಯ್‌ಗೂ ರಾಯರಿಗೂ ಹೋಲಿಕೆ ನಿಲ್ಲುತ್ತೆ, ಇಬ್ರೂ ಒಳಗಿದಾರೆ, ಯಾರೂ ತೆಗೆದು ನೋಡಲ್ಲ. ಆದ್ರೆ ಯುದೊನೊದೋರು ಒಂದು ಹೆಜ್ಜೆ ಮುಂದೆ ಹೋದ್ರು. ತೆಗೆದು ನೋಡೋದೇ ಅಲ್ಲಿ ಪರೀಕ್ಷೆ. ಬೃಂದಾವನ ತೆಗೆದು ನೋಡೋಣ ಅಂತ ಯಾರಾದ್ರೂ ಅಂದ್ರೆ ನಮ್ಮಲ್ಲಿ ಗಲಾಟೆ ಆಗುತ್ತೆ, ಅಲ್ಲಿ ತೆಗೀದೇ ಇದ್ರೆ ಕೆಲಸ ಅರ್ಧ ಆದಂಗೆ.

ಡಾಕ್ಟ್ರು_ನೈಟ್‌ಡ್ಯೂಟಿ
ಸ್ವಲ್ಪ ತಣ್ಣೀರು ಎರಚ್ತೀನಿ, ಬೇಜಾರಾಗ್ಬೇಡಿ. ಯೂಟ್ಯೂಬಲ್ಲಿ ಇರೋ ವಿಡಿಯೋ ಎಲ್ಲಾ ಒಂದೇ ಕಥೆ ಹೇಳುತ್ತೆ, ಉರುಶಿ ಮರದ ಹಾಲಿಂದ ಮಾಡಿದ ವಿಷದ ಚಹಾ ಕುಡೀತಿದ್ರು, ಒಳಗೆ ಗಂಟೆ ಬಾರಿಸ್ತಾ ಇದ್ರು, ಗಂಟೆ ನಿಂತಾಗ ಸತ್ರು ಅಂತ. ಕಥೆ ಚೆನ್ನಾಗಿದೆ. ಆದ್ರೆ 1960ರ ದಶಕದಲ್ಲಿ ಜಪಾನಿನ ವಿದ್ವಾಂಸರ ತಂಡ ಈ ದೇಹಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದಾಗ ಎಲ್ಲಾ ತಾನಾಗೇ ಒಣಗಿದ್ದಲ್ಲ ಅಂತ ಗೊತ್ತಾಯ್ತು. ತ್ಸುರುಓಕಾ ಊರಿನ ನಂಗಕುಜಿ ದೇವಸ್ಥಾನದಲ್ಲಿರೋ ತೆತ್ಸುರ್ಯೂಕಾಯ್ ಅನ್ನೋರದ್ದು ಹೊಟ್ಟೆ ಕೊಯ್ದು ಒಳಗಿನ ಅಂಗ ತೆಗೆದು ಸುಣ್ಣ ತುಂಬಿದ ದೇಹ. ಇನ್ನು ಕೆಲವರನ್ನ ಸತ್ತ ಮೇಲೆ ಶಿಷ್ಯರು ಹೊಗೆ ಹಾಕಿ ಒಣಗಿಸಿದ್ದು. ಯಮಗಾತದ ಬೇಸಿಗೆ ಸೆಕೆ ಗೊತ್ತಿದ್ರೆ ಆಶ್ಚರ್ಯ ಇಲ್ಲ, ಅಷ್ಟು ತೇವದಲ್ಲಿ ಬರೀ ಉಪವಾಸದಿಂದ ಮೈ ಉಳಿಯೋದು ಕಷ್ಟ. ಕೊಬ್ಬು, ಸ್ನಾಯು ಕರಗಿದ್ರೆ ಕೊಳೆಯೋದು ನಿಧಾನ ಆಗುತ್ತೆ, ಅದು ನಿಜ, ಅಷ್ಟೇ.

ಬೆಳ್ಗೊಳದ_ಪಕ್ಕದೂರು
@ಡಾಕ್ಟ್ರು ಇದು ನನ್ನ ವಾದಕ್ಕೇ ಬಲ ಕೊಡುತ್ತಲ್ಲ. ಗುರು ತೀರ್ಕೊಂಡ ಮೇಲೆ ಶಿಷ್ಯರು ಹೊಟ್ಟೆಗೆ ಸುಣ್ಣ ತುಂಬಿಯಾದ್ರೂ ಮೈ ಉಳಿಸ್ಬೇಕು ಅಂತ ಹೊರಟ್ರು ಅಂದ್ರೆ ಮೈ ಎಷ್ಟು ಮುಖ್ಯ ಇತ್ತು ನೋಡಿ. ಇನ್ನೊಂದು ವಿಷ್ಯ, ಇವರು ದೊಡ್ಡ ಮಠಾಧಿಪತಿಗಳಲ್ಲ, ಕೆಳಗಿನ ದರ್ಜೆ ಸನ್ಯಾಸಿಗಳು. ಚೂರೆನ್‌ಜಿ ದೇವಸ್ಥಾನದ ತೆತ್ಸುಮೊನ್‌ಕಾಯ್ ಅನ್ನೋರು ಮೊದಲು ಕೂಲಿ ಮಾಡ್ತಿದ್ದೋರು, ಸಮುರಾಯ್ ಒಬ್ಬನ್ನ ಕೊಂದು ತಪ್ಪಿಸ್ಕೊಂಡು ದೇವಸ್ಥಾನ ಸೇರ್ಕೊಂಡ್ರು ಅಂತ ಕಥೆ. ಆಮೇಲೆ ರಸ್ತೆ ಮಾಡಿಸಿದ್ರು, ಊರೂರು ತಿರುಗಿದ್ರು, ಏದೋದಲ್ಲಿ ಅಂದ್ರೆ ಈಗಿನ ಟೋಕಿಯೋದಲ್ಲಿ ಕಣ್ಣಿನ ರೋಗ ಹಬ್ಬಿದಾಗ ಜನರಿಗೋಸ್ಕರ ಅಂತ ತಮ್ಮ ಎಡಗಣ್ಣನ್ನೇ ಕಿತ್ತು ಹರಕೆ ಕೊಟ್ರಂತೆ. 1829ರಲ್ಲಿ ಹೋದ್ರು. ಶಿನ್‌ನ್ಯೋಕಾಯ್ ಹೋದ 1783 ಕೂಡ ತೆನ್ಮೇಯ್ ಬರಗಾಲದ ಕಾಲ, ರೈತರು ಹುಲ್ಲು ತಿಂತಿದ್ದ ಕಾಲ. ಊರೇ ಹಸಿದಿರೋವಾಗ ಒಬ್ಬ ಮನುಷ್ಯ ತಾನೇ ಹಸಿದು ಅದನ್ನ ಊರಿನ ಹೆಸರಿಗೆ ಬರೆದು ಕೊಡ್ತಾನೆ. ಸಲ್ಲೇಖನದಲ್ಲಿ ಈ ಲೆಕ್ಕ ಇಲ್ಲ, ಅದು ಅವರವರ ಕರ್ಮ ಅವರವರು ತೊಳ್ಕೊಳ್ಳೋದು.

ಡಾಕ್ಟ್ರು_ನೈಟ್‌ಡ್ಯೂಟಿ
ಕಾನೂನು ಮಾತ್ರ ಎರಡೂ ಕಡೆ ಒಂದೇ ಥರ ಬಂತು. 1868ರಲ್ಲಿ ಬಂದ ಮೇಯ್ಜಿ ಸರ್ಕಾರ ಇದನ್ನ ನಿಲ್ಲಿಸ್ತು, ಹೂತ ದೇಹ ತೆಗೆಯೋದೂ ಅಪರಾಧ ಆಯ್ತು. ಬುಕ್ಕಾಯ್ ಅನ್ನೋ ಸನ್ಯಾಸಿ 1903ರಲ್ಲಿ ನಿಗಾತದ ಮುರಾಕಾಮಿಯಲ್ಲಿ ತೀರ್ಕೊಂಡ್ರು, ಕಾನೂನಿಗೆ ಹೆದರಿ ಯಾರೂ ತೆಗೀಲಿಲ್ಲ, 1961ರಲ್ಲಿ ಸಂಶೋಧಕರು ಬಂದು ತೆಗೆಯೋ ತನಕ ಮಣ್ಣಲ್ಲೇ ಇದ್ರು. ನಮ್ಮಲ್ಲಿ 2015ರಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನ ಅಂದ್ರೆ ಆತ್ಮಹತ್ಯೆ ಅಂತು, ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಡ್ತು.

ಧಾರವಾಡ_ಪೇಡಾ
ಬರೇ ಸತ್ತವರದ ಮಾತಾಡಾಕತ್ತೀರಲ್ರಿ. ಬದುಕಿದ್ದಾಗ ಮೈ ಹೆಂಗ ದುಡಿಸ್ತಾರ ಅನ್ನೋದು ನೋಡ್ರಿ ಸ್ವಲ್ಪ. ಕ್ಯೋಟೋ ಪಕ್ಕ ಹಿಏಯ್ ಬೆಟ್ಟದಾಗ ತೆಂದಾಯ್ ಅನ್ನೂ ಬೌದ್ಧ ಪಂಥದವ್ರು ಕಾಯ್‌ಹೋಗ್ಯೋ ಅಂತ ಮಾಡ್ತಾರ. ಏಳು ವರ್ಷದಾಗ ಸಾವಿರ ದಿನ ನಡಿಯೂದು. ಮೊದಲ ಮೂರು ವರ್ಷ ವರ್ಷಕ್ಕ ನೂರು ದಿನ, ಆಮ್ಯಾಲ ಎರಡು ವರ್ಷ ಇನ್ನೂರು ಇನ್ನೂರು, ದಿನಕ್ಕ 30 ಕಿಲೋಮೀಟರ್, ಗುಡ್ಡದಾಗ, ನಡುರಾತ್ರ್ಯಾಗ ಎದ್ದು, ಹುಲ್ಲಿನ ಚಪ್ಪಲಿ ಹಾಕ್ಕೊಂಡು. ಬಿಳಿ ಬಟ್ಟಿ ಉಟ್ಟಿರ್ತಾರ, ಯಾಕಂದ್ರ ಅದು ಹೆಣದ ಬಟ್ಟಿ. ಸೊಂಟದಾಗ ಹಗ್ಗ ಒಂದು, ಚಾಕು ಒಂದು, ನಡುವ ಬಿಡೂ ಹಂಗ ಬಂದ್ರ ಜೀವ ತಕ್ಕೋಬೇಕು ಅನ್ನೂ ಲೆಕ್ಕದಾಗ.

ಏಳುನೂರು ದಿನ ಆದಮ್ಯಾಲ ದೋಇರಿ. ಒಂಬತ್ತು ದಿನ ಊಟಿಲ್ಲ, ನೀರಿಲ್ಲ, ನಿದ್ದಿಲ್ಲ, ಮಲಗೂ ಹಂಗಿಲ್ಲ. ಫುದೋ ಮ್ಯೋಓ, ಅಂದ್ರ ನಮ್ಮ ಅಚಲನಾಥ, ಅವನ ಮಂತ್ರ ಲಕ್ಷ ಸಲ. ಪಕ್ಕದಾಗ ಇಬ್ರು ಕುಂತಿರ್ತಾರ, ಕಣ್ಣು ಮುಚ್ಚಿದ್ರ ಎಬ್ಬಸಾಕ. ಆದ್ರ ನಂಗ ತಲಿಯೊಳಗ ಕುಂತಿದ್ದು ಇದ್ಯಾವುದೂ ಅಲ್ರಿ. ದಿನಾ ರಾತ್ರಿ ಎರಡಕ್ಕ ಎದ್ದು ಬಾವಿಗೆ ಹೋಗಿ ದೇವ್ರಿಗೆ ನೀರು ತರಬೇಕು, ತಾನು ಒಂದು ಹನಿ ಕುಡಿಯೂ ಹಂಗಿಲ್ಲ! ಮೊದಲ ದಿನ ಚಟಪಟ ಹೋಗಿ ಬರ್ತಾರ, ಕಡೀ ದಿನ ಅದೇ ದಾರಿ ಮುಗಸಾಕ ಎಷ್ಟೋ ಹೊತ್ತು, ಇಬ್ರು ಹಿಡ್ಕೊಂಡು ನಡಸ್ತಾರ. ಐದನೇ ದಿನದಿಂದ ಬಾಯಿ ಮುಕ್ಕಳಿಸಬಹುದು, ನುಂಗಬಾರದು.

ಆಮ್ಯಾಲ ಆರನೇ ವರ್ಷ ದಿನಕ್ಕ 60 ಕಿಲೋಮೀಟರ್, ಏಳನೇ ವರ್ಷ ನೂರು ದಿನ 84 ಕಿಲೋಮೀಟರ್, ಕ್ಯೋಟೋ ಊರೊಳಗ. ಓಣ್ಯಾಗ ಜನ ಮೊಣಕಾಲೂರಿ ಕುಂತಿರ್ತಾರ, ಸ್ವಾಮಿ ಹೋಗ್ತಾ ಹೋಗ್ತಾ ಜಪಮಾಲಿ ತಲಿಗೆ ಮುಟ್ಟಸ್ತಾನ. ಸಕಾಯ್ ಯೂಸಾಯ್ ಅನ್ನವ್ರು ಇದನ್ನ ಒಂದಲ್ಲ, ಎರಡು ಸಲ ಮುಗಿಸಿದ್ರು, 1980ರಾಗ ಒಮ್ಮೆ, 1987ರಾಗ ಒಮ್ಮೆ. 2013ರಾಗ ತೀರ್ಕೊಂಡ್ರು. ನಾ ಮನ್ಯಾಗ ಮೆಟ್ಲ ಹತ್ತಿದ್ರ ಏದುಸಿರು ಬಿಡ್ತೀನಿ.

ಡಾಕ್ಟ್ರು_ನೈಟ್‌ಡ್ಯೂಟಿ
ಒಂಬತ್ತು ದಿನ ನೀರಿಲ್ದೆ ಅಂದ್ರೆ ಕಿಡ್ನಿ ಏನಾಗ್ಬೇಕು ಅಂತ ಯೋಚಿಸಿದ್ರೇ ನಂಗೆ ಬಾಯಿ ಒಣಗುತ್ತೆ. ಜಪಾನಿಗಳು ಮಾಡ್ತಾರೆ ನೀವೂ ಮಾಡಿ ಅಂತ ಯಾರೂ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು.

ತುಂಗೆ_ತೀರ
ಎಲ್ಲಾ ಸರಿ, ಆದ್ರೆ ಈ ಥ್ರೆಡ್ಡಲ್ಲಿ ಇಲ್ಲೀವರೆಗೆ ಬಂದ ಮೈ ಎಲ್ಲಾ ಗಂಡಸರ ಮೈ, ಯಾರಿಗಾದ್ರೂ ಗಮನಕ್ಕೆ ಬಂತಾ? "ಇದೇ ಮೈಯಲ್ಲಿ ಬುದ್ಧ ಆಗ್ಬಹುದು" ಅಂತ ಕೂಕಾಯ್ ಹೇಳಿದ್ರಲ್ಲ, ಅದೇ ಕೋಯಾ ಬೆಟ್ಟಕ್ಕೆ ಹೆಂಗಸರು ಕಾಲಿಡೋ ಹಾಗಿರ್ಲಿಲ್ಲ. 1872ರಲ್ಲಿ ಸರ್ಕಾರ ಆ ನಿಷೇಧ ತೆಗೆದ್ರೂ ಬೆಟ್ಟದೋರು 20ನೇ ಶತಮಾನ ಬರೋ ತನಕ ಬಿಟ್ಕೊಳ್ಳಲಿಲ್ಲ. ನಾರಾದ ಓಮಿನೆ ಬೆಟ್ಟದ ಸಾಂಜೋಗಾತಾಕೆ ಶಿಖರಕ್ಕೆ ಇವತ್ತಿಗೂ ಹೆಂಗಸರು ಹೋಗಂಗಿಲ್ಲ, 2004ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜಾಗ ಅದು.

ಕಾರಣ ಮತ್ತೆ ಮೈಯೇ. ಜಪಾನಿನ ಮೂಲ ಧರ್ಮ ಶಿಂತೋದಲ್ಲಿ ರಕ್ತ, ಹೆರಿಗೆ, ಸಾವು ಮೂರೂ ಕೆಗಾರೆ, ಅಂದ್ರೆ ನಮ್ಮ ಮೈಲಿಗೆ ಸೂತಕದ ಥರ. ಅದರ ಮೇಲೆ ಬೌದ್ಧರು ಚೀನಾದಿಂದ ರಕ್ತಕುಂಡದ ಸೂತ್ರ ಅಂತ ಒಂದನ್ನ ತಂದ್ರು, ಮುಟ್ಟು ಮತ್ತು ಹೆರಿಗೆಯ ರಕ್ತ ಭೂಮಿನ ಮಲಿನ ಮಾಡುತ್ತೆ, ಅದಕ್ಕೆ ಹೆಂಗಸರೆಲ್ಲ ರಕ್ತದ ಕೆರೆಯ ನರಕಕ್ಕೆ ಬೀಳ್ತಾರೆ ಅಂತ. ಹೆತ್ತ ತಪ್ಪಿಗೆ ನರಕ! ಆಮೇಲೆ ಆ ನರಕದಿಂದ ಪಾರಾಗೋಕೆ ಪೂಜೆನೂ ಅವರೇ ಮಾಡಿಸ್ತಾರೆ. ತೊಯಾಮಾದ ತಾತೆಯಾಮಾ ಬೆಟ್ಟ ಹತ್ತೋಕೆ ಬಿಡ್ತಿರ್ಲಿಲ್ವಲ್ಲ, ಬೆಟ್ಟದ ಬುಡದ ಹಳ್ಳೀಲಿ ಹೆಂಗಸರಿಗೆ ಬೇರೆ ವಿಧಿ ಇತ್ತು, ಬಿಳಿ ಬಟ್ಟೆ ಉಟ್ಟು ಕಣ್ಣಿಗೆ ಬಟ್ಟೆ ಕಟ್ಕೊಂಡು ಬಿಳಿ ಬಟ್ಟೆ ಹಾಸಿದ ಸೇತುವೆ ದಾಟೋದು, ಆಚೆ ದಡ ಅಂದ್ರೆ ಪರಲೋಕ. ಮೇಯ್ಜಿ ಕಾಲಕ್ಕೆ ನಿಂತಿದ್ದು 1996ರಲ್ಲಿ ಮತ್ತೆ ಶುರುವಾಯ್ತು. ಈಗ ದಾಟೋ ಹೆಂಗಸರಿಗೆ ಅದು ನರಕದ ಭಯ ಅಲ್ಲ, ಒಂಥರಾ ಸಮಾಧಾನ, ಅದನ್ನ ನಾನು ಗೇಲಿ ಮಾಡಲ್ಲ.

ಚಿತ್ರದಲ್ಲೂ ಅಷ್ಟೇ. ಹೆಣ ಕೊಳೆಯೋ ಒಂಬತ್ತು ಹಂತ ತೋರ್ಸೋ ಕುಸೋಝು ಅಂತ ಚಿತ್ರಸುರುಳಿಗಳಿವೆ, ಮೈ ಮೇಲಿನ ಆಸೆ ಬಿಡ್ಲಿ ಅಂತ ಬರೆದಿದ್ದು, ಮೂಲ ನಮ್ಮ ಕಡೆಯ ಅಶುಭ ಧ್ಯಾನ. ಊದ್ಕೊಳ್ಳೋದು, ಕೀವು, ಹುಳ, ನಾಯಿ ಕಾಗೆ ಕಿತ್ತು ತಿನ್ನೋದು, ಕೊನೆಗೆ ಮೂಳೆ. ಹೆಣ ಯಾರದ್ದು? ಹೆಚ್ಚುಕಮ್ಮಿ ಯಾವಾಗ್ಲೂ ಒಬ್ಬ ಚೆಲುವೆಯದ್ದು, ಕವಯಿತ್ರಿ ಓನೋ ನೋ ಕೊಮಾಚಿ ಇಲ್ಲಾ ದಾನ್ರಿನ್ ಮಹಾರಾಣಿ. ನೋಡೋರು ಸನ್ಯಾಸಿಗಳು, ಕೊಳೆಯೋಳು ಹೆಣ್ಣು. ಬೆಳ್ಗೊಳದೋರೇ, ಗಂಡಿನ ಮೈ ಉಳಿಸಿ ಕೂರಿಸ್ತಾರೆ, ಹೆಣ್ಣಿನ ಮೈ ಕೊಳೆಸಿ ತೋರಿಸ್ತಾರೆ. ನಿಮ್ಮ ವಾದಕ್ಕೆ ಇದನ್ನೂ ಸೇರಿಸ್ಕೊಳ್ಳಿ.

ಕುಡ್ಲ_ಬಸ್ಸು
2018ರ ಸುಮೋ ಗಲಾಟೆ ನೆನಪುಂಟಾ? ಮೈಝುರು ಊರಲ್ಲಿ ಭಾಷಣ ಮಾಡ್ತಿದ್ದ ಮೇಯರ್ ಅಖಾಡದ ಮೇಲೇ ಕುಸಿದು ಬಿದ್ರು, ಪ್ರೇಕ್ಷಕರ ಸಾಲಿಂದ ಹೆಂಗಸರು ಓಡಿ ಹೋಗಿ ಎದೆ ಒತ್ತಿ ಪ್ರಥಮ ಚಿಕಿತ್ಸೆ ಕೊಡ್ತಾ ಇದ್ದಾರೆ, ಮೈಕಲ್ಲಿ "ಹೆಂಗಸರು ಅಖಾಡದಿಂದ ಇಳೀರಿ" ಅಂತ ಹೇಳುದು! ಆಮೇಲೆ ಉಪ್ಪು ಬೇರೆ ಎರಚಿದ್ರು. ಸುಮೋ ಸಂಘದ ಅಧ್ಯಕ್ಷರು ಕ್ಷಮೆ ಕೇಳಿದ್ರು, ನಿಯಮ ಹಾಗೇ ಉಳೀತು. ಅದೇ ವರ್ಷ ನಮ್ಮಲ್ಲಿ ಶಬರಿಮಲೆ ತೀರ್ಪು.

ತುಂಗೆ_ತೀರ
ನೆನಪಿಲ್ದೆ ಏನು, ಆ ವಿಡಿಯೋ ನೋಡಿ ಎರಡು ದಿನ ಸಿಟ್ಟು ಇಳೀಲಿಲ್ಲ.

ಧಾರವಾಡ_ಪೇಡಾ
ಅಕ್ಕಾವ್ರ ಮಾತಿಗೆ ಒಂದು ವಿಚಿತ್ರ ಸೇರಸ್ತೀನಿ. ಹಾಗುರೋ ಬೆಟ್ಟದ ಯಾಮಾಬುಶಿ ಅದಾರಲ್ಲ, ಗುಡ್ಡದಾಗ ತಪಸ್ಸು ಮಾಡವ್ರು, ಅವ್ರಿಗೆ ಗುಡ್ಡ ಅಂದ್ರನ ತಾಯಿ ಹೊಟ್ಟಿ. ಆಗಸ್ಟ್ ಕಡೀಕ ಒಂದು ವಾರ ಒಳಗ ಹೋಗ್ತಾರ, ಹೋಗೂ ಮುಂಚೇನ ಸತ್ತಂಗ ಲೆಕ್ಕ. ದೇವಸ್ಥಾನದ ಮೆಟ್ಲ ಮ್ಯಾಲ ದೊಡ್ಡ ಕೋಲು ಬೀಳಸ್ತಾರ, ಅದು ಗರ್ಭ ಕಟ್ಟಿದ್ದು. ಅಗಲ ಟೊಪ್ಪಿಗಿ ಹಿಡದಿರ್ತಾರ, ಅದು ಮಾಸು. ಕತ್ತಲ ಖೋಲ್ಯಾಗ ಎಲ್ಲಾರ್ನೂ ಕೂಡಿಸಿ ಕೆಂಡಕ್ಕ ಮೆಣಸಿನಪುಡಿ ಹಾಕಿ ಹೊಗಿ ಎಬ್ಬಸ್ತಾರ್ರಿ, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣಿಗೆ ಹತ್ತಿ ಹೊತ್ತಿದಾಗ ಮನೀ ಮಂದಿ ಕೆಮ್ಮತಾರಲ್ಲ ಹಂಗ, ಆದ್ರ ಬಾಗಿಲಾ ಮುಚ್ಚಿ! ಅದು ನರಕ ಅಂತ. ಕಡೀ ದಿನ ಗುಡ್ಡ ಇಳದು ಕೂಸು ಹುಟ್ಟಿದಂಗ ಗಟ್ಟಿಯಾಗಿ ಕೂಗಿ ಹೊರಗ ಬರ್ತಾರ. ಹೆಣ್ಣಿನ ರಕ್ತ ಬ್ಯಾಡ, ಹೆಣ್ಣಿನ ಗರ್ಭ ಮಾತ್ರ ಬೇಕು, ಅದೂ ಗುಡ್ಡದ್ದು.

ತುಂಗೆ_ತೀರ
ಇದನ್ನ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸ್ತೀನಿ 😄

ನಗೋಯಾ_ಕನ್ನಡಿಗ
ಬೆಟ್ಟದಿಂದ ಸ್ವಲ್ಪ ಇಳಿಯೋಣ, ಮಾಮೂಲಿ ಜನರ ವಿಷ್ಯ ಹೇಳ್ತೀನಿ. ನನ್ನ ಜೊತೆ ಕೆಲಸ ಮಾಡೋರ ತಂದೆ ತೀರ್ಕೊಂಡಾಗ ಹೋಗಿದ್ದೆ. ಹೆಣಕ್ಕೆ ಕಿಮೊನೊ ಬಲಗಡೆ ಅಂಚು ಮೇಲೆ ಬರೋ ಹಾಗೆ ಉಡಿಸ್ತಾರೆ, ಬದುಕಿರೋರು ಉಡೋದಕ್ಕೆ ಉಲ್ಟಾ. ಜಪಾನಲ್ಲಿ ಈಗ ಹೆಚ್ಚುಕಮ್ಮಿ ಎಲ್ಲಾರನ್ನೂ ಸುಡೋದೇ, 1873ರಲ್ಲಿ ಸರ್ಕಾರ ಸುಡೋದನ್ನ ನಿಷೇಧ ಮಾಡಿ ಜಾಗ ಸಾಲದೆ 1875ಕ್ಕೇ ವಾಪಸ್ ತಗೊಂಡಿತ್ತು. ಸುಟ್ಟಾದ್ಮೇಲೆ ಟ್ರೇ ಹೊರಗೆ ಬರುತ್ತೆ, ಮೂಳೆ ಬಿಳಿಯಾಗಿ ಮಲಗಿದ ಆಕಾರದಲ್ಲೇ ಇರುತ್ತೆ, ಇನ್ನೂ ಬಿಸಿ. ಮನೆಯೋರು ಇಬ್ಬಿಬ್ರು ಜೊತೆಯಾಗಿ ಉದ್ದ ಚಾಪ್‌ಸ್ಟಿಕ್‌ನಲ್ಲಿ ಒಂದೊಂದೇ ಮೂಳೆ ಎತ್ತಿ ಮಡಿಕೆಗೆ ಹಾಕ್ತಾರೆ. ಕಾಲಿಂದ ಶುರು, ತಲೆ ಕೊನೆಗೆ, ಯಾಕಂದ್ರೆ ಮಡಿಕೆ ಒಳಗೆ ಸತ್ತೋರು ತಲೆಕೆಳಗಾಗಬಾರದು. ಕೊನೇಲಿ ಅಲ್ಲಿಯ ಸಿಬ್ಬಂದಿ ಕತ್ತಿನ ಒಂದು ಚಿಕ್ಕ ಮೂಳೆ ಹುಡುಕಿ ತೋರಿಸಿದ್ರು, ಪದ್ಮಾಸನದಲ್ಲಿ ಕೂತ ಬುದ್ಧನ ಥರ ಕಾಣುತ್ತೆ ಅದು, ಗಂಟಲ ಬುದ್ಧ ಅಂತಾರೆ. ಅದನ್ನ ಹತ್ತಿರದೋರು ಎತ್ತಿಡ್ತಾರೆ. ಇಷ್ಟೊತ್ತು ಕಲ್ಲಿನ ಹಾಗೆ ನಿಂತಿದ್ದ ನಮ್ಮ ಸಹೋದ್ಯೋಗಿ ಅದನ್ನ ಎತ್ತೋವಾಗ ಮಾತ್ರ ಕೈ ನಡುಗಿತು.

ಊಟದಲ್ಲಿ ಒಬ್ರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ರ ಚಾಪ್‌ಸ್ಟಿಕ್‌ಗೆ ತುತ್ತು ದಾಟಿಸಿದ್ರೆ ಜಪಾನಿಗಳು ಬೆಚ್ಚಿ ಬೀಳೋದು ಇದಕ್ಕೇ, ಹೊಸದಾಗಿ ಬರೋರು ಗಮನಿಸಿ. ಮತ್ತೆ ನಮ್ಮಲ್ಲೂ ಅಸ್ಥಿ ಆರಿಸ್ತೀವಿ, ಆದ್ರೆ ಬೇಗ ನೀರಿಗೆ ಬಿಟ್ಟು ಕೈ ತೊಳ್ಕೊಳ್ತೀವಿ. ಇವರು ಆ ಮಡಿಕೆ ಮನೇಗೆ ತಂದು 49 ದಿನ ಇಟ್ಕೊಂಡು ಆಮೇಲೆ ಸಮಾಧೀಲಿ ಇಡ್ತಾರೆ. ಬೆಳ್ಗೊಳದೋರ ಬಿಡೋದು, ಇಟ್ಕೊಳ್ಳೋದು ವಾದ ಇಲ್ಲೂ ಬಂತು ನೋಡಿ.

ಡಾಕ್ಟ್ರು_ನೈಟ್‌ಡ್ಯೂಟಿ
ಅಂಗಾಂಗ ದಾನದ ಲೆಕ್ಕಕ್ಕೂ ಇದನ್ನ ಜೋಡಿಸೋರಿದಾರೆ. 1968ರಲ್ಲಿ ಸಪ್ಪೊರೋದಲ್ಲಿ ಜಪಾನಿನ ಮೊದಲ ಹೃದಯ ಕಸಿ ಆಯ್ತು, ದಾನಿ ನಿಜವಾಗ್ಲೂ ಸತ್ತಿದ್ನಾ ಅಂತ ದೊಡ್ಡ ವಿವಾದ ಆಗಿ ಡಾಕ್ಟರ ಮೇಲೆ ದೂರು ಹೋಯ್ತು. ಆಮೇಲೆ ಮಿದುಳು ಸಾವಿನ ಕಾನೂನು ಬರೋಕೆ 1997 ಆಯ್ತು, ಅದರಲ್ಲೂ ದಾನಿ ಮೊದಲೇ ಬರೆದು ಕೊಟ್ಟಿರ್ಲೇಬೇಕು ಅಂತ ಷರತ್ತು, 2010ರಿಂದ ಮನೆಯೋರ ಒಪ್ಪಿಗೆ ಸಾಕು ಅಂತ ಸಡಿಲ ಆಯ್ತು. ಈಗ್ಲೂ ಸತ್ತ ಮೇಲೆ ದಾನ ಮಾಡೋರು ಹತ್ತು ಲಕ್ಷ ಜನಕ್ಕೆ ಸುಮಾರು ಒಬ್ರು. ಪೂರ್ತಿ ಧರ್ಮದ ಮೇಲೇ ಹಾಕ್ಬೇಡಿ ಅಂತೀನಿ ನಾನು, ಆ 1968ರ ಪ್ರಕರಣದಿಂದ ವೈದ್ಯರ ಮೇಲಿನ ನಂಬಿಕೆ ಹೋಗಿದ್ದೂ ದೊಡ್ಡ ಕಾರಣ, ಭಾರತದ ಸಂಖ್ಯೆನೂ ಏನು ಕೊಚ್ಚಿಕೊಳ್ಳೋ ಹಾಗಿಲ್ಲ.

ಕುಡ್ಲ_ಬಸ್ಸು
ಝೆನ್ ಯಾರೂ ಮುಟ್ಟಲೇ ಇಲ್ಲ, ಕೂತು ಧ್ಯಾನ ಮಾಡುದೇ ಮುಖ್ಯ ಅನ್ನುವ ಬೌದ್ಧ ಮಾರ್ಗ. ಮೈ ಅಂದ್ರೆ ಅಲ್ಲಿ ಹಲ್ಲುಜ್ಜುದು, ಮುಖ ತೊಳೆಯುದು, ಕಕ್ಕಸಿಗೆ ಹೋಗುದು. ತಮಾಷೆ ಅಲ್ಲ, ಝೆನ್‌ನ ಸೋತೋ ಪಂಥದ ದೋಗೆನ್ ಗುರುಗಳು 13ನೇ ಶತಮಾನದಲ್ಲಿ ಇದಕ್ಕೆಲ್ಲ ಪ್ರತ್ಯೇಕ ಅಧ್ಯಾಯವೇ ಬರೆದಿಟ್ಟಿದ್ದಾರೆ. 1223ರಲ್ಲಿ ಚೀನಾಕ್ಕೆ ಹೋದ್ರೆ ಅಲ್ಲಿಯ ಸನ್ಯಾಸಿಗಳು ಬುದ್ಧ ಹೇಳಿದ ಹಲ್ಲುಕಡ್ಡಿ ಬಿಟ್ಟೇಬಿಟ್ಟಿದ್ರಂತೆ, ಎರಡು ಮೂರು ಅಡಿ ದೂರ ನಿಂತ್ರೂ ಬಾಯಿ ವಾಸನೆ ತಡೀಲಿಕ್ಕೆ ಆಗುದಿಲ್ಲ ಅಂತ ಬರೆದಿದ್ದಾರೆ! ಕಡ್ಡಿ ಹೇಗೆ ಜಗಿಯುದು, ಹೇಗೆ ಉಜ್ಜುದು ಎಲ್ಲಾ ವಿವರ ಉಂಟು, ನನ್ನ ಅಜ್ಜಿ ಬೇವಿನ ಕಡ್ಡಿ ಹಿಡ್ಕೊಂಡು ಹೇಳಿಕೊಟ್ಟದ್ದು ಅದನ್ನೇ. ಅವರು 1244ರಲ್ಲಿ ಕಟ್ಟಿದ ಏಹೇಯ್‌ಜಿ ಮಠದಲ್ಲಿ ಮಾತಾಡಬಾರದ ಜಾಗ ಮೂರು: ಧ್ಯಾನಮಂದಿರ, ಸ್ನಾನದ ಮನೆ, ಕಕ್ಕಸು. ಕಕ್ಕಸಿಗೆ ದೇವರೂ ಉಂಟು, ಉಸುಸಾಮಾ ಅಂತ. ಮೈ ಒಣಗಿಸುದೂ ಇಲ್ಲ, ಸುಡುದೂ ಇಲ್ಲ, ಸುಮ್ಮನೆ ನೆಟ್ಟಗೆ ಕೂತ್ಕೊಳ್ಳುದು. ನನಗೆ ಇದೇ ಹೆಚ್ಚು ಕಷ್ಟ ಕಾಣ್ತದೆ.

ಧಾರವಾಡ_ಪೇಡಾ
ನಂಗ ಅಲ್ಲಿ ಅಗದೀ ಹಿಡಿಸಿದ ದೇವ್ರು ಬಿಂಝುರು. ನಾರಾ ಊರಾಗ ತೋದಾಯ್‌ಜಿ ದೊಡ್ಡ ಬುದ್ಧನ ಗುಡಿ ಹೊರಗ, ಬಾಗಿಲ ಬಲಕ್ಕ, ಕೆಂಪು ಟೊಪ್ಪಿಗಿ ಕೆಂಪು ಶಾಲು ಹೊತ್ತಗೊಂಡು ಕುಂತಾನ, ಕಟಗಿ ಮೂರ್ತಿ. ಮೂಲ ನಮ್ಮವನ, ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜ. ನಿಮಗ ಎಲ್ಲಿ ನೋವೈತಿ, ಅವನ ಮೈಯಾಗ ಅದೇ ಜಾಗ ತಿಕ್ಕಿ ಆಮ್ಯಾಲ ನಿಮ್ಮದು ತಿಕ್ಕೋರಿ. ಮೊಣಕಾಲು ಅಂತೂ ತಿಕ್ಕಿ ತಿಕ್ಕಿ ಸವದು ನುಣ್ಣಗಾಗಿ ಹೊಳೀತಾವು, ಊರಮಂದಿ ಎಲ್ಲಾರ್ದೂ ಮೊಣಕಾಲ ನೋವು ಅಂತ ಕಾಣ್ತದ. ಟೋಕಿಯೋದ ಸುಗಾಮೋದಾಗೂ ಒಂದು ಕಣ್ಣೋನ್, ಅಂದ್ರ ಅವಲೋಕಿತೇಶ್ವರ, ಮೂರ್ತಿ ಹಿಂಗ ಐತಿ, ನೀರು ಹಾಕಿ ತೊಳಿಯೂದು. ಮೊದಲಿನ ಮೂರ್ತಿ ಬ್ರಷ್‌ದಿಂದ ತಿಕ್ಕಿ ಸವದು ಹೋಗಿ 1992ರಾಗ ಹೊಸದು ಇಟ್ಟಾರ, ಈಗ ಬ್ರಷ್ ಇಲ್ಲ, ಮೆತ್ತಗ ಅರಿವಿ ತಗೊಂಡು ಒರಸಬೇಕು.

ಬೆಳ್ಗೊಳದ_ಪಕ್ಕದೂರು
ಇದಕ್ಕೆ ಇನ್ನೊಂದು ಸೇರಿಸ್ತೀನಿ. ಕ್ಯೋಟೋದ ಸೇಯ್‌ರ್ಯೋಜಿ ದೇವಸ್ಥಾನದಲ್ಲಿ ಒಂದು ಶಾಕ್ಯಮುನಿ ಬುದ್ಧನ ಮರದ ಮೂರ್ತಿ ಇದೆ, 985ರಲ್ಲಿ ಚೀನಾದಲ್ಲಿ ಕೆತ್ತಿಸಿ ಚೋನೆನ್ ಅನ್ನೋ ಸನ್ಯಾಸಿ ತಂದಿದ್ದು, ಕೌಶಾಂಬಿಯ ಉದಯನ ರಾಜ ಮಾಡಿಸಿದ ಮೂರ್ತಿಯ ಪ್ರತಿ ಅಂತ ನಂಬಿಕೆ. 1950ರ ದಶಕದಲ್ಲಿ ಅದರ ಬೆನ್ನು ತೆಗೆದು ನೋಡಿದ್ರೆ ಒಳಗೆ ರೇಷ್ಮೆ ಬಟ್ಟೇಲಿ ಹೊಲಿದ ಕರುಳು, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಎಲ್ಲಾ! ಸಾವಿರ ವರ್ಷ ಯಾರೂ ನೋಡದ ಜಾಗದಲ್ಲಿ. ಮನುಷ್ಯರ ಹೊಟ್ಟೆ ಒಳಗಿಂದು ತೆಗೆದು ಸುಣ್ಣ ತುಂಬಿ ಬುದ್ಧ ಮಾಡಿದ್ರು, ಮರದ ಬುದ್ಧನಿಗೆ ಕರುಳು ಹೊಲಿದು ಒಳಗಿಟ್ಟು ಜೀವ ಕೊಟ್ರು. @ನಗೋಯಾ ಸಾರ್, ಯಮಗಾತಕ್ಕೆ ಹೋಗ್ಬೇಕಂದ್ರೆ ಯಾವಾಗ ಬರ್ಬೇಕು? ಹೋದ್ರೆ ಶಿನ್‌ನ್ಯೋಕಾಯ್ ಅವರನ್ನ ನೋಡೋಕೆ ಬಿಡ್ತಾರಾ?

ನಗೋಯಾ_ಕನ್ನಡಿಗ
ಬಿಡ್ತಾರೆ, ದೈನಿಚಿಬೋ, ಚೂರೆನ್‌ಜಿ ಎರಡೂ ತ್ಸುರುಓಕಾ ಕಡೆಯಿಂದ ಒಂದೇ ದಿನದಲ್ಲಿ ಆಗುತ್ತೆ. ಸಣ್ಣ ಕಾಣಿಕೆ ತಗೊಂಡು ಒಳಗೆ ಕೂರಿಸಿ ಮೊದಲು ಮಂತ್ರ ಹೇಳಿ ಶುದ್ಧಿ ಮಾಡ್ತಾರೆ, ಆಮೇಲೆ ಕಥೆ ಹೇಳಿ ಗಾಜಿನ ಪೆಟ್ಟಿಗೆ ಮುಂದೆ ಕರ್ಕೊಂಡು ಹೋಗ್ತಾರೆ. ಫೋಟೋ ತೆಗಿಯಂಗಿಲ್ಲ, ಕೇಳೋಕೂ ಹೋಗ್ಬೇಡಿ. ಚಳಿಗಾಲದಲ್ಲಿ ಬರ್ಬೇಡಿ, ಆ ಕಡೆ ಹಿಮ ಆಳೆತ್ತರ ಬೀಳುತ್ತೆ, ಯುದೊನೊ ರಸ್ತೆ ಮುಚ್ಚಿರುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇದು. ಯುದೊನೊದಲ್ಲಿ ಶೂ ಬಿಚ್ಚಿ ಬರಿಗಾಲಲ್ಲೇ ದೇವರ ಹತ್ರ ಹೋಗ್ಬೇಕು, ಅಲ್ಲಿ ಏನಿದೆ ಅಂತ ಹೊರಗೆ ಬಂದು ಯಾರಿಗೂ ಹೇಳಬಾರದು ಅನ್ನೋದು ಹಳೇ ಕಟ್ಟಳೆ, ಹಾಗಾಗಿ ನಾನೂ ಟೈಪ್ ಮಾಡಲ್ಲ. ಟವೆಲ್ ಒಂದು ತನ್ನಿ, ಕಾಲು ಒದ್ದೆ ಆಗುತ್ತೆ.